ಸಾವಕಾರರ ಗಾಡಿಗೆ ನಾನು ಕಂಪ್ಯೂಟರ್ ಕೂಡಿಸಿದ್ದು

ಮಾನ ಹೋಗಬೇಕಾದರೆ ಮೊದಲು ಮಾನ ಇರಬೇಕು ನೋಡ್ರಿ. ಇಲ್ಲದವರದು ಏನು ಹೋದೀತು? ನನಗೆ ದೇವರು ಭಾಳ ಕೊಟ್ಟಾನ. ಅದಕ್ಕೇ ಅದು ಹೋಗುತ್ತಲೇ ಇರುತ್ತದೆ, ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ, ಉಮರ್ಗಾ ಸ್ಟ್ಯಾಂಡಿನ ಕೆಂಪು ಬಸ್ಸಿನ ಹಂಗ.

ಹೈವೇಗೆ ಹತ್ತಿಕೊಂಡಿರುವ ನನ್ನ ಗ್ಯಾರೇಜು ಉಮರ್ಗಾದಲ್ಲಿ ಯಾರಿಗೆ ಗೊತ್ತಿಲ್ಲ? ಅದರಲ್ಲೂ ಕಾರ್ಬೊರೇಟರ್ ಅಂದರೆ ಮುರುಮದಿಂದ ಉದಗೀರದ ತನಕ ನಾನು ಬಿಟ್ಟರೆ ನಾನೇ. ಎಂಜಿನ್ನಿಗೆ ಬೇಕಾದ ಪೆಟ್ರೋಲು, ಗಾಳಿ ಎರಡನ್ನೂ ಹದವಾಗಿ ಕಲಸಿ ಕೊಡುವ ಪಾತ್ರೆ ಅದು. ಅದರ ರೋಗ ತಿಳಿಯಲು ನಾನು ಬಾನೆಟ್ ಎತ್ತುವುದೇ ಬೇಡ. ರಸ್ತೆಯ ಈಚೆ ಚಹಾ ಕುಡಿಯುತ್ತ ಕುಳಿತು, ಆಚೆ ಹೋಗುವ ಗಾಡಿಯ ಸಪ್ಪಳ ಕೇಳಿ, "ಪೆಟ್ರೋಲ್ ಬರೂ ಜೆಟ್ಟಿನಾಗ ಕಸ ಸಿಕ್ಕೊಂಡದ" ಅಂತ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಗಾಡಿ ಮುಂದೆ ಹೋಗಿಬಿಟ್ಟಿರುತ್ತಿತ್ತು. ಅದಕ್ಕೇ ಇವತ್ತಿನ ತನಕ ನನ್ನ ಮಾತು ಒಮ್ಮೆಯೂ ಸುಳ್ಳಾಗಿಲ್ಲ.

ಇಂಥ ನಾನು ಒಂದು ಹಳೆಯ ಗಾಡಿಯ ಕಾರ್ಬೊರೇಟರ್ ಬಿಚ್ಚಿ ಅದರ ಜಾಗದಲ್ಲಿ ಕಂಪ್ಯೂಟರಿನ ಸಾಮಾನು ಕೂಡಿಸಲು ಹೋದೆ. ಆಗ ನಡೆದದ್ದು ಇದು. ನೀವೂ ನಗ್ರಿ. ನಮ್ಮ ಮನಿಯಾಗ ಹ್ಯಾಂಗೂ ನಗಲಾಕತ್ತಾರ.

ಮಿಕ್ಸರಿನ ನೆನಪು

ನಿಲಂಗಾದಲ್ಲಿ ಒಬ್ಬರು ಸಾವಕಾರರಿದ್ದಾರೆ. ಹಣೆ ತುಂಬ ವಿಭೂತಿ, ಹೊಲ ತುಂಬ ತೊಗರಿ. ಅವರ ತಂದೆ ಒಂದು ಕಾಲದಲ್ಲಿ ಹೈದರಾಬಾದಿನ ಯಾರದೋ ಹವೇಲಿಯಿಂದ ಒಂದು ಅಮೇರಿಕಾದ ಗಾಡಿ ತಂದಿದ್ದರು. ಎಂಟು ಸಿಲಿಂಡರು. ಆ ದೇಶದಲ್ಲಿ ಇಂಥದ್ದಕ್ಕೆ ಮಸಲ್ ಕಾರು ಅನ್ನುತ್ತಾರಂತೆ. ನಮ್ಮ ಭಾಷೆಯಲ್ಲಿ ಪೈಲವಾನ ಗಾಡಿ ಅನ್ನಿರಿ. ಮೂತಿ ಒಂದು ಓಣಿಗೆ ತಿರುಗಿದರೂ ಬಾಲ ಇನ್ನೂ ಹಿಂದಿನ ಓಣಿಯಲ್ಲೇ ಇರುತ್ತಿತ್ತು. ಪೈಲವಾನನಂತೆಯೇ ಕುಡಿಯುತ್ತಿತ್ತು ಕೂಡ. ಒಂದು ಪಂಪಿನಲ್ಲಿ ಪೆಟ್ರೋಲು ಹಾಕಿಸಿ ಹೊರಟರೆ ಮುಂದಿನ ಪಂಪು ಕಾಣುವ ಮೊದಲೇ ಬಾಯಾರಿ ನಿಂತುಬಿಡುತ್ತಿತ್ತು.

ಸಾವಕಾರರು ಹೇಳಿ ಕಳಿಸಿದರೆಂದು ನಾನು ಅವರ ವಾಡೆಗೆ ಹೋದಾಗ ಗಂಡಹೆಂಡತಿಯ ನಡುವೆ ಅದೇ ಮಾತು ನಡೆದಿತ್ತು.

"ಅಪ್ಪನ ಗಾಡಿ ಅದು," ಎನ್ನುತ್ತಿದ್ದರು ಸಾವಕಾರರು. "ಅದರಾಗೇ ನಮ್ಮ ಮದುವಿ ಮೆರವಣಿಗಿ ಆಗ್ಯಾದ."

"ಅರ್ಧ ಮೆರವಣಿಗಿ," ಅಂದರು ಅವ್ವಾರು, ಅಂದರೆ ಅವರ ಹೆಂಡತಿ. "ಉಳಿದ ಅರ್ಧ ನಾ ಬಾಸಿಂಗ ಕಟ್ಟಿಕೊಂಡು ನಡದೀನಿ."

ಆಮೇಲೆ ಅವ್ವಾರು ನನ್ನ ಎದುರಿಗೇ ತೀರ್ಪು ಹೇಳಿಬಿಟ್ಟರು. "ಉದಗೀರಾಗ ನಮ್ಮ ತವರುಮನಿಯಾಗ ತೊಟ್ಟಿಲ ಕಾರ್ಯ ಅದ. ಹೋದ ಸಲ ಎತ್ತು ಹೂಡಿ ಈ ಗಾಡಿ ಎಳಸ್ಕೊಂಡು ತವರೂರಿಗಿ ಹೋಗೀನಿ, ಈಗೂ ಅಲ್ಲಿ ಮಂದಿ ಅದನ್ನೇ ಆಡ್ತಾರ. ಈ ಸಲ ಯಾರೂ ಎಳೀದಂಗ, ಯಾರೂ ದೂಡದಂಗ ನನ್ನ ಕರಕೊಂಡು ಹೋದ್ರ ಗಾಡಿ ಇರ್ಲಿ. ಇಲ್ಲಂದ್ರ ಅವತ್ತೇ ಹಳೆ ಕಬ್ಬಿಣದವನಿಗಿ ಕೊಟ್ಟು, ಆ ಶೆಡ್ಡಿನಾಗ ನನ್ನ ದೇವಣಿ ಆಕಳ ಕಟ್ತೀನಿ."

ಸಾವಕಾರರು ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಕೇಳಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ. "ಏನರ ಮಾಡ್ಲಾಕ ಬರ್ತದೇನೋ ಮಿಸ್ತ್ರಿ?"

ನನಗೆ ಬರುವುದಿಲ್ಲ ಅನ್ನುವ ಮಾತು ನಾಲಿಗೆಗೆ ಬರುವುದಿಲ್ಲ. "ಕಾರ್ಬೊರೇಟರ್ ತಗದು ಒಗೀರಿ," ಅಂದೆ. "ಫ್ಯೂಯಲ್ ಇಂಜೆಕ್ಷನ್ ಕೂಡಸ್ತೀನಿ. ಸಣ್ಣ ಪಿಚಕಾರಿ ಇರ್ತಾವ, ಅವು ಪೆಟ್ರೋಲ್ ಚಿಮುಕಿಸ್ತಾವ. ಎಷ್ಟು ಚಿಮುಕಿಸಬೇಕಂತ ಒಂದು ಕಂಪ್ಯೂಟರ್ ಡಬ್ಬಿ ಹೇಳ್ತದ. ಕುಡಿತ ಕಡಿಮಿ, ಓಟ ಜಾಸ್ತಿ."

"ನೀ ಇಂಥವು ಮೊದಲು ಮಾಡೀದಿ?"

"ಸಾವಕಾರ್ರೀ, ಎಷ್ಟು ಮಾಡೀನಿ ಅಂತ ಎಣಿಸಲಾಕೇ ಬರೂದಿಲ್ಲ."

ಇದು ಸುಳ್ಳಲ್ಲ. ಒಂದೂ ಮಾಡಿರದಿದ್ದರೆ ಎಲ್ಲಿಂದ ಎಣಿಸುವುದು?

ಸಾವಕಾರರ ಮುಖ ಅರಳಿತು. ಅವ್ವಾರು ಮಾತ್ರ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ ಗಂಡನಿಗೆ ಹೇಳಿದರು: "ನಮ್ಮ ಮಿಕ್ಸರ್ ರಿಪೇರಿ ಮಾಡಿದಾಂವ ಇಂವನೇ ಅಲ್ಲೇನ್ರಿ? ಈಗೂ ಅದರಾಗ ಚಟ್ನಿ ಅರದ್ರ ನಾಷ್ಟಾ ಗ್ವಾಡಿ ಮಾಡ್ತದ."

ಹಾವು

ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಉಮರ್ಗಾಕ್ಕೆ ತಂದೆ. ಪುಣೆಯಿಂದ ಸಾಮಾನಿನ ಪೆಟ್ಟಿಗೆ ಬಂತು. ಅದರೊಳಗೆ ಹ್ಯಾಂಗೆ ಕೂಡಿಸಬೇಕೆಂದು ಬರೆದ ಒಂದು ಪುಸ್ತಕವೂ ಇತ್ತು. ಓದಿ ಕೆಲಸ ಮಾಡುವವನು ಮಿಸ್ತ್ರಿ ಏನ್ರಿ? ಅದರ ಹಾಳೆ ಹರಿದು ಕೈಯ ಗ್ರೀಸು ಒರೆಸಿಕೊಂಡೆ. ಒಳ್ಳೇ ಕಾಗದ, ಗ್ರೀಸು ಚಲೋ ಹೀರುತ್ತಿತ್ತು.

ಹಳೆಯ ಗಾಡಿಯ ಪೆಟ್ರೋಲು ಸಾವಕಾಶ ಹರಿದು ಬರುತ್ತಿತ್ತು. ಹೊಸ ಪಿಚಕಾರಿಗಳಿಗೆ ಜೋರು ಒತ್ತಡ ಬೇಕು, ಅದಕ್ಕೆ ಕರೆಂಟಿನ ಪಂಪು ಬೇಕು. ಮುಂಜಾನೆ ನಾನೇ ನನ್ನ ಕೈಯಾರೆ ಹಿಂದಿನ ಟಾಕಿಯ ಹತ್ತಿರ ಅದನ್ನು ಕೂಡಿಸಿದೆ. ಮಧ್ಯಾಹ್ನ ಉಳಿದ ವೈರು ಜೋಡಿಸಿ ಕೀಲಿ ತಿರುವಿದೆ.

ಹಿಂದಿನಿಂದ "ಬುಸ್ಸ್..." ಅಂತು. ಸುಮ್ಮನಾಯಿತು.

ಮತ್ತೆ ತಿರುವಿದೆ. "ಬುಸ್ಸ್..." ಸುಮ್ಮನಾಯಿತು.

ಗ್ಯಾರೇಜಿನ ಹಿಂದಿನ ಬಯಲಲ್ಲಿ ಕುರಿ ಕೂಡಿಹಾಕುವ ಬಿರಪ್ಪನ ಭಕ್ತ ಒಬ್ಬರಿದ್ದಾರೆ. ಊರೆಲ್ಲ ಅವರಿಗೆ ಕುರುಬ ಮಾಮಾ ಅನ್ನುತ್ತದೆ. ಅವರು ಹೆಗಲ ಮೇಲಿನ ಕಂಬಳಿ ಕೆಳಗಿಟ್ಟು ಬಡಿಗೆ ಹಿಡಿದರು. "ಉಸ್ತಾದ, ಸರೀ. ಸೀಟಿನ ಕೆಳಗ ಹಾವ್ ಅದ. ನೀ ಕೀಲಿ ತಿರುವಿದಾಗೊಮ್ಮೆ ಅದಕ್ಕ ಸಿಟ್ಟು ಬರ್ತದ."

ಹಾವಿಗೆ ನಾನು ಹೆದರುವವನಲ್ಲ. ಆದರೆ ಎತ್ತರದಿಂದ ನೋಡಿದರೆ ಹಾವು ಸ್ಪಷ್ಟ ಕಾಣುತ್ತದೆ ಅಂತ ಗಾಡಿಯ ಟಪ್ಪಿನ ಮೇಲೆ ಏರಿದೆ. ಏರುವಾಗ ಚಪ್ಪಲಿ ಎಲ್ಲಿ ಹೋದವೋ ತಿಳಿಯಲಿಲ್ಲ. ಮಾಮಾ ಕಿಟಕಿಯಲ್ಲಿ ಕೈ ಹಾಕಿ ಬಡಿಗೆಯ ತುದಿಯಿಂದಲೇ ಕೀಲಿ ತಿರುವಿ ಹಾವನ್ನು ಮತ್ತೆ ಮತ್ತೆ ಸಿಟ್ಟಿಗೆಬ್ಬಿಸುತ್ತಿದ್ದರು. ಹೈವೇಯ ಮೇಲಿನ ಮಂದಿ ಗಾಡಿ ನಿಲ್ಲಿಸಿ ನೋಡತೊಡಗಿದರು.

ಅಷ್ಟರಲ್ಲಿ ನಮ್ಮಾಕಿ ಚಹಾ ತಂದಳು. ಕೆಳಗೊಮ್ಮೆ, ಮೇಲೊಮ್ಮೆ ನೋಡಿದಳು. "ಮುಂಜಾನಿ ಅಲ್ಲೇ ಬಗ್ಗಿ ಏನೋ ಪಂಪು ಕೂಡಸ್ಲಾಕತ್ತಿದ್ರಲ್ಲ, ಅದು ಎಲ್ಲಿ ಅದ?"

ಬುಸ್ಸೆನ್ನುವುದು ಆ ಪಂಪೇ ಅಂತ ನನಗೆ ಆಗಲೇ ತಿಳಿದುಹೋಯಿತು. ಆದರೆ ಇಷ್ಟು ಮಂದಿಯ ಎದುರಿಗೆ ಇಳಿಯುವುದು ಹ್ಯಾಂಗ?

"ಅದನ್ನೂ ನುಂಗ್ಯಾದ!" ಅಂದೆ ಮೇಲಿನಿಂದಲೇ.

ಭಂಡಾರ

ಎಂಜಿನ್ನು ಮೊದಲ ಸಲ ಚಾಲೂ ಮಾಡುವ ದಿನ ಸಾವಕಾರರು ಬಿಳಿ ಧೋತರ ಉಟ್ಟು ನಿಲಂಗಾದಿಂದ ಬಂದರು. ಕೈಯಲ್ಲಿ ತೆಂಗಿನಕಾಯಿ, ವಿಭೂತಿ. ಕುರುಬ ಮಾಮಾ ಬಿರಪ್ಪನ ಭಂಡಾರ ತಂದರು. ದೇವರ ಗುಡಿಯ ಅರಿಶಿನ ಪುಡಿ ಅದು. ಹೊಸ ಕುರಿಮರಿಗೆ, ಹೊಸ ಸೊಸೆಗೆ, ಹೊಸ ಬೋರಿಗೆ ಎಲ್ಲದಕ್ಕೂ ಅವರು ಅದನ್ನು ಹಾರಿಸುತ್ತಾರೆ, ಹಾರಿಸಿದ್ದೆಲ್ಲ ಚಲೋ ಆಗಿದೆ.

ಎಂಜಿನ್ನಿನ ಮೇಲೆ ಗಾಳಿ ಎಳೆದುಕೊಳ್ಳುವ ಬಾಯಿ ಇರುತ್ತದೆ. ಅದಕ್ಕೆ ಗಾಳಿ ಸೋಸುವ ಮುಚ್ಚಳ ಹಾಕಬೇಕು. ನಾನು ಬೇಕೆಂದೇ ತೆಗೆದಿಟ್ಟಿದ್ದೆ. ಕೂಡಿದ ಮಂದಿಗೆ ನನ್ನ ಪಿಚಕಾರಿಗಳು ಕಾಣಬೇಡವೇ?

ಸಾವಕಾರರು ಕಾಯಿ ಒಡೆದು, ವಿಭೂತಿ ಹಚ್ಚಿ, ಕಿಟಕಿಯಲ್ಲಿ ಕೈ ಹಾಕಿ ಕೀಲಿ ತಿರುವಿದರು. ಒಂದೇ ಏಟಿಗೆ ಚಾಲೂ! ಎಂಟೂ ಸಿಲಿಂಡರು ಒಟ್ಟಿಗೆ ಗುಡುಗಿದವು. ಸಾವಕಾರರ ಕಣ್ಣಲ್ಲಿ ನೀರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಚಾಂಗಭಲಾ!" ಅಂತ ಕೂಗಿ ಮಾಮಾ ಒಂದು ಹಿಡಿ ಭಂಡಾರ ಹಾರಿಸಿದರು.

ಹಾರಿದ್ದು ಕೆಳಗೆ ಬೀಳಲೇ ಇಲ್ಲ. ಪೈಲವಾನ ಗಾಡಿ ಅದನ್ನು ಗಾಳಿಯಲ್ಲೇ ಸೆಳೆದು ನುಂಗಿತು. ಒಮ್ಮೆ ಕೆಮ್ಮಿತು. ಎರಡನೇ ಸಲ ಕೆಮ್ಮಿದಾಗ ಹಿಂದಿನ ಎರಡೂ ಕೊಳವೆಯಿಂದ ಹಳದಿ ಹೊಗೆ ಬಂತು. ಅಲ್ಲಿ ನಿಂತವರು ಯಾರು? ಹಿಂದಿನ ಸಪ್ಪಳ ಕೇಳಬೇಕೆಂದು ಆಗಷ್ಟೇ ಹೋಗಿದ್ದ ಸಾವಕಾರರು. ಹೊಗೆ ಇಳಿದಾಗ ನೋಡಿದರೆ, ನಾಳೆ ಮದುವೆ ಇಟ್ಟುಕೊಂಡ ಮದುಮಗನ ಹಾಂಗೆ ನಿಂತಿದ್ದರು, ಅರಿಶಿನ ಮೈಯೆಲ್ಲ.

ಗಾಡಿ ಬಂದ್ ಆಯಿತು. ನನಗಂತೂ ಭೂಮಿ ಬಾಯಿ ತೆರೆದರೆ ಸಾಕಿತ್ತು, ಅದಕ್ಕೂ ಮುಚ್ಚಳ ಹಾಕಿಕೊಂಡು ಕೂಡುತ್ತಿದ್ದೆ.

ಮಾಮಾ ಸಮಾಧಾನ ಹೇಳಿದರು: "ಸಾವಕಾರ್ರ, ಚಿಂತಿ ಬ್ಯಾಡ. ದೇವರು ಒಳಗಿಂದ ಹೊರಗಿನ ತನಕ ಹೋಗಿ ನೋಡಿ ಬಂದಾನ."

ಬಾಗಿಲಲ್ಲಿ ನಿಂತ ನಮ್ಮಾಕಿ ನನಗೆ ಹೇಳಿದಳು: "ಅರಿಶಿಣ ಆಯ್ತು. ಇನ್ನ ಸಾಸಿವಿ, ಕರಿಬೇವು ಹಾಕಿದ್ರ ಇಳಿಸ್ಲಾಕ ಅಡ್ಡಿ ಇಲ್ಲ."

ಗಾಡಿಯ ಸಾಲಿ

ಎಲ್ಲಾ ತೊಳೆದು ಒರೆಸಿ ಮತ್ತೆ ಚಾಲೂ ಮಾಡಿದೆ. ಈ ಕಂಪ್ಯೂಟರ್ ಡಬ್ಬಿಗೆ ಒಂದು ಗುಣ ಅದ. ನಾವು ಗಾಡಿ ಓಡಿಸಿದಂತೆ ಅದು ಕಲಿಯುತ್ತ ಹೋಗುತ್ತದೆ, ಎಷ್ಟು ವೇಗಕ್ಕೆ ಎಷ್ಟು ಪೆಟ್ರೋಲು ಅಂತ. ಸಾಮಾನು ಮಾರಿದವರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಒಂದಿಷ್ಟು ತಿರುಗಾಡಿಸಿ ತರ್ರಿ.

ನಾನು ಮುರುಮದ ಹಾದಿ ಹಿಡಿದೆ. ಕಬ್ಬು ಅರೆಯುವ ದಿನಗಳವು. ಕಾರ್ಖಾನೆಗೆ ಕಬ್ಬು ಹೊತ್ತ ಎತ್ತಿನ ಗಾಡಿಗಳು ಸಾಲಾಗಿ ಹೊರಟಿದ್ದವು. ರಸ್ತೆ ಸಣ್ಣದು, ನನ್ನ ಗಾಡಿ ಅಗಲ. ದಾಟಲು ಎಲ್ಲಿ ಜಾಗ? ಹೊತ್ತು ಏರಿದಾಗ ಹಿಂದೆ ಹೊರಟವನು ಹೊತ್ತು ಇಳಿಯುವ ತನಕ ಹಿಂದೆಯೇ ಇದ್ದೆ. ಡಬ್ಬಿ ಶ್ರದ್ಧೆಯಿಂದ ಕಲಿಯುತ್ತಿತ್ತು.

ಕಡೆಗೆ ರಸ್ತೆ ಅಗಲವಾಯಿತು. ನಾನು ಕಾಲು ಒತ್ತಿದೆ. ಗಾಡಿ ಗಕ್ಕೆಂದಿತು, ಮುಗ್ಗರಿಸಿತು, ಸೀಟಿನ ಮೇಲೆ ನನ್ನನ್ನು ಕುದುರೆ ಸವಾರಿ ಮಾಡಿಸಿತು. ಕಾಲು ಸಡಿಲ ಬಿಟ್ಟೆ. ಮತ್ತೆ ಎತ್ತಿನ ನಡಿಗೆಗೆ ಬಂದು ಆರಾಮಾಗಿ ಉಸಿರಾಡಿತು. ಅದಕ್ಕೆ ಗೊತ್ತಿದ್ದ ಪಾಠ ಅದೊಂದೇ.

ಮುಂದಿನ ಕಬ್ಬಿನ ಗಾಡಿಯವನು ಪಾಪ ಅಂಚಿಗೆ ಸರಿದು ಕೈ ಬೀಸಿದ. "ಕಾಕಾ, ಜಾ ಕೀ ಪುಢಂ! ರಸ್ತಾ ಮೋಕಳಾ ಹಾಯ!"

ರಸ್ತೆ ಖಾಲಿ ಅದ, ಮುಂದೆ ಹೋಗು ಅಂದರೆ ಹೋಗಲಿಕ್ಕೆ ಆಗಬೇಕಲ್ಲ! "ತುಮ್ಹೀ ಚಲಾ, ಮೀ ಯೇತೋಚ," ನೀವು ನಡೀರಿ, ನಾ ಬಂದೇ ಬಂದೆ ಅಂತ ಮರಾಠಿಯಲ್ಲೇ ದೊಡ್ಡಸ್ತಿಕೆ ತೋರಿಸಿದೆ. ನನ್ನ ಹಿಂದೆ ಬರುತ್ತಿದ್ದ ಇನ್ನೊಂದು ಕಬ್ಬಿನ ಗಾಡಿಯ ಜೋಡೆತ್ತು ನನ್ನನ್ನು ದಾಟಿ ಹೋದವು. ಅದರಲ್ಲಿ ಎಡಗಡೆಯದು ಕತ್ತು ಹೊರಳಿಸಿ ನನ್ನನ್ನು ನೋಡಿತು. ಮನುಷ್ಯರ ನಗು ಸಹಿಸಬಹುದು ನೋಡ್ರಿ, ಎತ್ತಿನ ಮರುಕ ಸಹಿಸಲಾಗದು.

ಆಗಲೇ ಸಾವಕಾರರ ಫೋನು. "ಏನ್ ಮಿಸ್ತ್ರಿ, ಗಾಡಿ ಕಲೀತೇನು?"

"ಕಲೀತ್ರಿ," ಅಂದೆ. "ಭಾಳ ಸಂಸ್ಕಾರದ ಗಾಡಿ. ಯಾರನ್ನೂ ದಾಟಿ ಹೋಗೂದಿಲ್ಲ."

ತೊಟ್ಟಿಲ ಕಾರ್ಯಕ್ಕೆ

ಆಮೇಲೆ ಹೈವೇಗೆ ಒಯ್ದು ಡಬ್ಬಿಗೆ ಕುದುರೆಯ ಪಾಠವನ್ನೂ ಹೇಳಿಸಿದೆ. ಈಗ ಗಾಡಿ ಬಾಣ. ಉಮರ್ಗಾದಿಂದ ನಿಲಂಗಾಕ್ಕೆ ನಾನೇ ಓಡಿಸಿಕೊಂಡು ಹೋಗಿ ವಾಡೆಯ ಎದುರಿಗೆ ನಿಲ್ಲಿಸಿದೆ.

ತೊಟ್ಟಿಲ ಕಾರ್ಯದ ಮುಂಜಾನೆ ಓಣಿ ತುಂಬ ಮಂದಿ. ಅವ್ವಾರು ಇಳಕಲ್ ಸೀರೆ ಉಟ್ಟು, ಕೂಸಿನ ತಲೆಗೆ ಹಾಕುವ ಕುಂಚಿಗಿ, ಕುಬಸದ ಗಂಟು ಹಿಡಿದು ಹೊರಗೆ ಬಂದರು. ಹಿಂದೆ ಅವರ ನೆಗೆಣ್ಣಿಯರು, ಅಂದರೆ ಓರಗಿತ್ತಿಯರು. ಇವರಷ್ಟೇ ಆಗಿದ್ದರೆ ಸರಿ. ಅವ್ವಾರು ಉದಗೀರಿನ ಹಳೆ ಕಬ್ಬಿಣದವನನ್ನೂ ಕರೆಸಿದ್ದರು. ಅವನು ಪಿಕಪ್ ತಂದು ಮಗ್ಗುಲಿಗೇ ನಿಲ್ಲಿಸಿ, ನಮ್ಮ ಗಾಡಿಯ ಸುತ್ತ ತಿರುಗುತ್ತ, ಬಾಗಿಲು ತಟ್ಟಿ ನೋಡುತ್ತ, "ಜುನಾ ಪತ್ರಾ, ವಜನದಾರ ಅದ," ಹಳೇ ತಗಡು, ತೂಕ ಚಲೋ ಬರ್ತದ ಅಂತ ತಲೆದೂಗುತ್ತಿದ್ದ.

"ಅಂವನ್ನ ಯಾಕ ಕರಸೀದಿ?" ಅಂದರು ಸಾವಕಾರರು.

"ದಾರ್ಯಾಗ ಹುಡುಕೂದು ಬ್ಯಾಡ ಅಂತ," ಅಂದರು ಅವ್ವಾರು.

ಸಾವಕಾರರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಅವರ ಅಪ್ಪ ಇದ್ದ, ಮದುವೆ ಇತ್ತು, ಎಲ್ಲಾ ಇತ್ತು. "ಚಾಲೂ ಮಾಡಪ್ಪಾ."

ನಾನು ಕುಳಿತೆ. ಗ್ಯಾರೇಜಿನಲ್ಲಿ ಒಬ್ಬನೇ ಇದ್ದಾಗ ಸುಮ್ಮನೆ ಕೀಲಿ ತಿರುವುತ್ತಿದ್ದೆ, ಚಾಲೂ ಆಗುತ್ತಿತ್ತು. ಆದರೆ ಇಷ್ಟು ಮಂದಿ ನೆರೆದಾಗ ಅಷ್ಟು ಸಪ್ಪಗೆ ಮಾಡಿದರೆ ಹ್ಯಾಂಗ? ಮೊದಲ ಗುಡುಗಿಗೇ ನೆಗೆಣ್ಣಿಯರ ಸೆರಗು ಹಾರಬೇಕು, ಕಬ್ಬಿಣದವನ ಎದೆ ಒಡೆಯಬೇಕು. ಎಕ್ಸಿಲೇಟರನ್ನು ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಕೀಲಿ ತಿರುವಿದೆ.

ರ್‍ರ್‍ರ್‍ರ್‍... ರ್‍ರ್‍ರ್‍... ಚಾಲೂ ಆಗಲಿಲ್ಲ.

ಇನ್ನೂ ಜೋರಾಗಿ ಒತ್ತಿ ತಿರುವಿದೆ. ಇಲ್ಲ. ಬಾನೆಟ್ ಎತ್ತಿ ಎಲ್ಲಾ ವೈರು ಮುಟ್ಟಿ ಬಂದೆ. ಒತ್ತಿದೆ, ತಿರುವಿದೆ. ಇಲ್ಲ. ಯಾರೋ "ಎತ್ತು ತರ್ಲೇನ್ರಿ?" ಅಂದರು. ನೆಗೆಣ್ಣಿಯರು ಸೆರಗು ಬಾಯಿಗೆ ಹಿಡಿದರು.

"ಮಿಸ್ತ್ರಿ, ಇನ್ನೊಂದು ಸಲ," ಅಂದರು ಸಾವಕಾರರು.

"ಗಾಡಿಗಿ ನನ್ನ ಕೈ ಬಿಟ್ರ ಬ್ಯಾರೆ ಕೈ ಗೊತ್ತಿಲ್ರಿ, ತಡೀರಿ," ಅಂದೆ. ಕಾಲನ್ನು ಇನ್ನೂ ಒತ್ತಿದೆ, ನೆಲ ತೂತು ಬೀಳುವ ಹಾಂಗೆ. ಇಲ್ಲ ಅಂದರೆ ಇಲ್ಲ.

ಕಬ್ಬಿಣದವನು ತನ್ನ ಹಗ್ಗ ಬಿಚ್ಚತೊಡಗಿದ. ಸಾವಕಾರರು ಗೋಡೆಯ ಕಡೆ ಮುಖ ಮಾಡಿ ನಿಂತರು. ನನಗೆ ಅವತ್ತು ತಿಳಿಯಿತು, ನನ್ನ ಮಾನ ಹೋದರೆ ನಗಬಹುದು, ಇನ್ನೊಬ್ಬರದನ್ನು ನಾನೇ ಕಳೆದರೆ ನಗು ಬರುವುದಿಲ್ಲ.

ಅವ್ವಾರು ಗಂಡನ ಬೆನ್ನನ್ನೇ ಒಂದು ಗಳಿಗೆ ನೋಡಿದರು. ಗಂಟನ್ನು ನೆಗೆಣ್ಣಿಯ ಕೈಗೆ ಕೊಟ್ಟರು. "ಸರಿ ಅತ್ತಾಗ," ಅಂದರು ನನಗೆ.

"ಅವ್ವಾರ, ನಿಮಗ ಬರೂದಿಲ್ರಿ, ಇದು ಕಂಪ್ಯೂಟರ್..."

"ನಿನಗೂ ಬರ್ಲಿಲ್ಲಲ್ಲ. ಸರಿ."

ನಾನು ಇಳಿದೆ. ಅವ್ವಾರು ಹತ್ತಿದರು. ಎತ್ತರ ಅಷ್ಟಕ್ಕಷ್ಟೇ, ಕಾಲು ಕೆಳಗೆ ಎಟುಕಲಿಲ್ಲ. ಎಟುಕದಿದ್ದರೆ ಹೋಗಲಿ ಅಂತ ಎರಡೂ ಕಾಲು ಮಡಚಿ, ಮನೆಯ ತೂಗುಮಂಚದ ಮೇಲೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಸೀಟಿನ ಮೇಲೆ ಕುಳಿತರು. ಬಳೆ ಹಿಂದಕ್ಕೆ ಸರಿಸಿ ಕೀಲಿ ತಿರುವಿದರು.

ಎಂಟೂ ಸಿಲಿಂಡರು ಒಂದೇ ಏಟಿಗೆ ಎದ್ದವು.

ಕಾರಣ ಆಮೇಲೆ ಪುಣೆಗೆ ಫೋನು ಮಾಡಿದಾಗ ತಿಳಿಯಿತು. ಚಾಲೂ ಮಾಡುವಾಗ ಕಾಲು ಪೂರ್ತಿ ಒತ್ತಿದರೆ, ಪೆಟ್ರೋಲು ಹೆಚ್ಚಾಗಿದೆ ಅಂತ ತಿಳಿದು ಕಂಪ್ಯೂಟರ್ ಪೆಟ್ರೋಲನ್ನೇ ಬಂದ್ ಮಾಡುತ್ತದಂತೆ. ನಾನು ಒತ್ತಿದಷ್ಟೂ ಅದು ಕೊಡುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಓಣಿಯವರು ಕಂಡದ್ದು ಒಂದೇ: ಉಮರ್ಗಾದ ಉಸ್ತಾದನಿಗೆ ಆಗದ್ದನ್ನು ಅವ್ವಾರು ಕಾಲು ಮಡಚಿಕೊಂಡು ಮಾಡಿದರು.

ಸಾವಕಾರರು ಗೋಡೆಯಿಂದ ತಿರುಗಿದರು. ಅವ್ವಾರ ಮುಖದಲ್ಲಿ ನಾನು ಮೊದಲ ಸಲ ನಗು ನೋಡಿದೆ. ಸ್ಟೇರಿಂಗಿನ ಮೇಲೆ ಮೆಲ್ಲಗೆ ಕೈಯಾಡಿಸುತ್ತ, "ಆಕಳಿಗಿ ಬ್ಯಾರೆ ಶೆಡ್ ಹಾಕಸ್ರಿ," ಅಂದರು ಗಂಡನಿಗೆ. ಆಮೇಲೆ ನನಗೆ: "ಇಷ್ಟಕ್ಕ ನಿನ್ನ ಉಮರ್ಗಾದಿಂದ ಕರಸ್ಬೇಕಾಗಿತ್ತೇನೋ?"

"ಹೆಣ್ಮಕ್ಕಳಿಗಿ ಸಲೀಸ ಆಗ್ಲಿ ಅಂತೇ ಹಂಗ ಮಾಡೀನ್ರಿ," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅವ್ವಾರು ಪಕ್ಕದ ಸೀಟಿಗೆ ಸರಿದರು. ಸಾವಕಾರರು ಸ್ಟೇರಿಂಗು ಹಿಡಿದರು. ನೆಗೆಣ್ಣಿಯರು, ಗಂಟುಗಳು, ಹಣ್ಣಿನ ಬುಟ್ಟಿಗಳು ಹಿಂದಿನ ಸೀಟು ತುಂಬಿದವು. ನನಗೆ ಕೂಡಲು ಜಾಗವೇ ಉಳಿಯಲಿಲ್ಲ.

ಹಗ್ಗ ಸುತ್ತಿಕೊಳ್ಳುತ್ತ ಕಬ್ಬಿಣದವನು ಗೊಣಗಿದ: "ಅವ್ವಾರ, ಅಷ್ಟು ದೂರದಿಂದ ಬಂದೀನಿ. ಖಾಲಿ ಹೋಗ್ಲೇನು?"

"ಖಾಲಿ ಯಾಕ? ಈ ಮಿಸ್ತ್ರಿನ್ನ ಹಾಕ್ಕೊಂಡು ಹಿಂದ ಬಾ," ಅಂದರು ಅವ್ವಾರು. "ದಾರ್ಯಾಗ ಗಾಡಿ ನಿಂತ್ರ ಬೇಕಾಗ್ತಾನ."

ಗಾಡಿ ಎಲ್ಲಿ ನಿಲ್ಲುತ್ತದೆ? ದೇವಣಿ ದಾಟಿ ಉದಗೀರದ ತನಕ ಮದುಮಗಳ ಹಾಂಗೆ ಹೋಯಿತು. ಹಿಂದೆ ಪಿಕಪ್ಪು. ಅದರ ಮುಂದಿನ ಸೀಟಿನ ಮೇಲೆ ಅವನ ದೊಡ್ಡ ತಕ್ಕಡಿ ಕುಳಿತಿತ್ತು. ನಾನು ಹಿಂದಿನ ತೊಟ್ಟಿಯಲ್ಲಿ, ಒಂದು ತೂತು ಬಿದ್ದ ಕಡಾಯಿ, ಗಾಲಿ ಇಲ್ಲದ ಸೈಕಲ್ಲು, ಮುರಿದ ಕೂರಿಗೆಯ ನಡುವೆ ಮಂಡಿಗೆ ಗದ್ದ ಹಚ್ಚಿ ಕುಳಿತಿದ್ದೆ. ಉದಗೀರಿನಲ್ಲಿ ನನ್ನ ಗುರುತು ಹಿಡಿಯುವವರು ಯಾರೂ ಸಿಗದಿರಲಿ ಅಂತ ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಊರ ಬಾಯಿಗೇ ನನ್ನ ಹಳೆಯ ಗಿರಾಕಿಯೊಬ್ಬ ನಿಂತಿದ್ದ. "ಅರೇ ಕಾಕಾ!" ಅಂತ ಓಣಿಗೆಲ್ಲ ಕೇಳುವಂತೆ ಕೂಗಿದ. "ಇದರಾಗ ಕುಂತು ಎಲ್ಲಿಗಿ ಹೊಂಟೀರಿ?"

ನಾನು ಬಾಯಿ ತೆರೆಯುವ ಮೊದಲೇ ಕಬ್ಬಿಣದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಉತ್ತರ ಕೊಟ್ಟ:

"ತೂಕಕ್ಕ!"